ಖಳನಾಯಕನನ್ನು ಗೆಲ್ಲಿಸುವವರು ಯಾರು?

ಕ್ರಿಸ್ಟೋಫರ್ ನೋಲನ್‌ರ ಬ್ಯಾಟ್‌ಮ್ಯಾನ್ ಚಿತ್ರಗಳ ಅಭಿಮಾನಿಗಳು ಎಲ್ಲಿ ಸೇರಿದರೂ ಒಂದು ಚರ್ಚೆ ತಪ್ಪುವುದಿಲ್ಲ. 2005ರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’, 2008ರ ‘ದ ಡಾರ್ಕ್ ನೈಟ್’ ಮತ್ತು 2012ರ ‘ದ ಡಾರ್ಕ್ ನೈಟ್ ರೈಸಸ್’- ಈ ಮೂರು ಚಿತ್ರಗಳ ಖಳನಾಯಕರಲ್ಲಿ ಶ್ರೇಷ್ಠ ಯಾರು? ವರ್ಷಗಳು ಉರುಳಿದರೂ ಈ ಚರ್ಚೆಯ ಕಾವು ಆರಿಲ್ಲ. ನಾಯಕ ಬ್ಯಾಟ್‌ಮ್ಯಾನ್‌ನ ಬಗ್ಗೆ ಆಡಲು ಯಾರ ಬಳಿಯೂ ಹೆಚ್ಚು ಮಾತಿಲ್ಲ. ಮಾತೆಲ್ಲ ಅವನನ್ನು ಮಣ್ಣು ಮುಕ್ಕಿಸಲು ಬಂದವರ ಬಗ್ಗೆಯೇ.

ಹೆಚ್ಚಿನವರ ಮತ ಜೋಕರ್‌ಗೆ. ಅದರಲ್ಲಿ ಅಚ್ಚರಿಯೇನೂ ಇಲ್ಲ. ಆ ಪಾತ್ರವನ್ನು ನಿರ್ವಹಿಸಿದ ಹೀತ್ ಲೆಡ್ಜರ್ ಚಿತ್ರ ಬಿಡುಗಡೆಯಾಗುವ ಕೆಲವು ತಿಂಗಳುಗಳ ಮೊದಲು, 2008ರ ಜನವರಿಯಲ್ಲಿ, ತನ್ನ 28ನೇ ವಯಸ್ಸಿನಲ್ಲಿ ತೀರಿಕೊಂಡ. 2009ರಲ್ಲಿ ಅತ್ಯುತ್ತಮ ಪೋಷಕ ನಟನಿಗಾಗಿರುವ ಆಸ್ಕರ್ ಪ್ರಶಸ್ತಿಯನ್ನು ಅವನ ಪರವಾಗಿ ಕುಟುಂಬದವರು ಸ್ವೀಕರಿಸಿದರು. ಇನ್ನು ಕೆಲವರಿಗೆ ಮುಖಕವಚ ಧರಿಸಿದ ಬೇನ್ ಇಷ್ಟ. ಚಿಂತನಶೀಲರೆನಿಸಿಕೊಂಡವರು ರಾಸ್ ಅಲ್ ಗೂಲ್‌ನ ಪರ ವಾದಿಸುತ್ತಾರೆ. ಹಾರ್ವೆ ಡೆಂಟ್‌ನ ಹೆಸರೆತ್ತುವವರು ಕಡಿಮೆ.

ಈ ಚರ್ಚೆ ಬರಿಯ ಕಾಲಹರಣ ಎಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಒಂದು ಸಮಾಜ ಯಾರನ್ನು ದುಷ್ಟನೆಂದು ಗುರುತಿಸುತ್ತದೆ, ಅವನನ್ನು ಎದುರಿಸುವ ಹೆಸರಿನಲ್ಲಿ ಏನನ್ನೆಲ್ಲ ಮಾಡಲು ತನಗೆ ತಾನೇ ಅನುಮತಿ ಕೊಟ್ಟುಕೊಳ್ಳುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ನೋಲನ್‌ರ ಚಿತ್ರಗಳು ಆ ಪ್ರಶ್ನೆಯನ್ನು ಎತ್ತುತ್ತವೆ. ಅಭಿಮಾನಿಗಳು ಮಾತ್ರ ಪ್ರಶ್ನೆಯನ್ನು ಬಿಟ್ಟು ಮುಖದ ಬಣ್ಣವನ್ನು ಚರ್ಚಿಸುತ್ತಿದ್ದಾರೆ.

ಮೊದಲು ರಾಸ್ ಅಲ್ ಗೂಲ್. ಅರಬಿ ಬಲ್ಲ ಯಾರಿಗಾದರೂ ಈ ಹೆಸರು ಕೇಳಿದೊಡನೆ ಅರ್ಥವಾಗುತ್ತದೆ. ರಅ್ಸ್ ಎಂದರೆ ತಲೆ, ಗೂಲ್ ಎಂದರೆ ಪಿಶಾಚಿ. 1971ರಲ್ಲಿ ಅಮೆರಿಕದ ಕಾಮಿಕ್ಸ್ ಪುಟಗಳಲ್ಲಿ ಡೆನ್ನಿಸ್ ಓನೀಲ್ ಮತ್ತು ನೀಲ್ ಆಡಮ್ಸ್ ಈ ಪಾತ್ರವನ್ನು ಪರಿಚಯಿಸಿದರು. ಲೋಕವನ್ನು ನಾಶಗೊಳಿಸ ಹೊರಟವನಿಗೆ ಅರಬಿ ಹೆಸರೇ ಏಕೆ ಬೇಕಾಯಿತು? ಹಾಲಿವುಡ್‌ನ ಒಂಬೈನೂರಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿ ಜ್ಯಾಕ್ ಶಾಹೀನ್ 2001ರಲ್ಲಿ ಪ್ರಕಟಿಸಿದ ‘ರೀಲ್ ಬ್ಯಾಡ್ ಅರಬ್ಸ್’ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಅರಬನೆಂದರೆ ಬಹುತೇಕ ಖಳನಾಯಕನೇ. ನೋಲನ್ ಆ ಹೆಸರನ್ನು ಉಳಿಸಿಕೊಂಡರು. ಆದರೆ ಪಾತ್ರವನ್ನು ಐರ್‍ಲ್ಯಾಂಡ್ ಮೂಲದ ಲಿಯಾಮ್ ನೀಸನ್‌ಗೆ ಒಪ್ಪಿಸಿ, ಅರಬರ ಗುರುತನ್ನು ಅದರಿಂದ ಕಳಚಿದರು. 2005ರ ಆ ದಿನಗಳಲ್ಲಿ ಇದನ್ನು ಸಣ್ಣ ಸಂಗತಿಯೆನ್ನಲಾಗದು.

ಅಷ್ಟಕ್ಕೂ ಈ ರಾಸ್ ಅಲ್ ಗೂಲ್ ಹೇಳುವುದೇನು? ಗೋಥಮ್ ನಗರ ಭ್ರಷ್ಟಗೊಂಡಿದೆ, ಅದನ್ನು ಸರಿಪಡಿಸಲಾಗದು, ಆದ್ದರಿಂದ ನಾಶಗೊಳಿಸಬೇಕು. ರೋಗವನ್ನು ಅವನು ಸರಿಯಾಗಿಯೇ ಗುರುತಿಸುತ್ತಾನೆ. ಪೊಲೀಸರು ಲಂಚಕೋರರು, ನ್ಯಾಯಾಧೀಶರು ಮಾರಿಕೊಂಡವರು, ಬಡವರು ಬೀದಿಪಾಲು. ಆದರೆ ಅವನ ಮದ್ದು ಕುಡಿಯುವ ನೀರಿಗೆ ವಿಷ ಬೆರೆಸುವುದು! ಸುಧಾರಕನಿಗೂ ಸಂಹಾರಕನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಸುಧಾರಕನು ಕೆಡುಕನ್ನು ದ್ವೇಷಿಸುತ್ತಾನೆ, ಜನರನ್ನು ಪ್ರೀತಿಸುತ್ತಾನೆ. ಸಂಹಾರಕನು ಕೆಡುಕಿನ ಹೆಸರಿನಲ್ಲಿ ಜನರನ್ನೇ ದ್ವೇಷಿಸುತ್ತಾನೆ. ಹಿಂದೊಮ್ಮೆ ಅಪರಾಧಿಯೊಬ್ಬನ ಕತ್ತು ಕಡಿಯುವಂತೆ ಇದೇ ಗುರು ಆಜ್ಞಾಪಿಸಿದಾಗ ಬ್ರೂಸ್ ವೇನ್ ನಿರಾಕರಿಸುತ್ತಾನೆ. ನಮ್ಮ ದೃಷ್ಟಿಯಲ್ಲಿ ಅವನು ನಾಯಕನಾಗುವುದು ಆ ನಿರಾಕರಣೆಯಿಂದಲೇ ಹೊರತು ಕಪ್ಪು ಉಡುಪಿನಿಂದಲ್ಲ.

ಇನ್ನು ಜೋಕರ್. ಅವನಿಗೆ ಹೆಸರಿಲ್ಲ, ಊರಿಲ್ಲ, ಹಿನ್ನೆಲೆಯಿಲ್ಲ. ತನ್ನ ಮುಖದ ಗಾಯಕ್ಕೆ ಒಮ್ಮೆ ಒಂದು ಕತೆ ಹೇಳಿದರೆ ಮತ್ತೊಮ್ಮೆ ಇನ್ನೊಂದು ಹೇಳುತ್ತಾನೆ. ಹಣದ ರಾಶಿಗೆ ಬೆಂಕಿ ಹಚ್ಚುತ್ತಾನೆ. ಅವನಿಗೆ ಬೇಕಿರುವುದು ಒಂದೇ. ಸಜ್ಜನರೆನಿಸಿಕೊಂಡವರ ನೀತಿ ನಿಯಮಗಳೆಲ್ಲ ಕಷ್ಟಕಾಲದಲ್ಲಿ ಕಳಚಿ ಬೀಳುವ ವೇಷವೆಂದು ಸಾಬೀತುಪಡಿಸುವುದು.

2008ರ ಜುಲೈನಲ್ಲಿ ಅಮೆರಿಕದ ಲೇಖಕ ಆಂಡ್ರ್ಯೂ ಕ್ಲೇವನ್ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯಲ್ಲಿ ಬ್ಯಾಟ್‌ಮ್ಯಾನ್‌ನನ್ನು ಅಧ್ಯಕ್ಷ ಜಾರ್ಜ್ ಬುಶ್‌ಗೆ ಹೋಲಿಸಿ, ಚಿತ್ರವನ್ನು ಭಯೋತ್ಪಾದನೆಯ ವಿರುದ್ಧದ ಸಮರದ ಸಮರ್ಥನೆಯೆಂದು ಹೊಗಳಿದರು. ಅಬೂ ಗುರೈಬ್ ಜೈಲಿನ ಚಿತ್ರಗಳು ಹೊರಬಿದ್ದು ಆಗ ನಾಲ್ಕೇ ವರ್ಷಗಳಾಗಿದ್ದುವು. ಗ್ವಾಂಟನಾಮೊದ ಪಂಜರಗಳಲ್ಲಿ ವಿಚಾರಣೆಯಿಲ್ಲದೆ ಜನರು ಕೊಳೆಯುತ್ತಿದ್ದರು. ಇಂಥ ಹೊತ್ತಿನಲ್ಲಿ ಸಿನಿಮಾದ ನಾಯಕನೊಬ್ಬ ಸಾಕ್ಷಿಯಾಗಿ ಸಿಕ್ಕಿದರೆ ಯಾರಿಗೆ ಬೇಡ?

ಆದರೆ ಕ್ಲೇವನ್ ಚಿತ್ರವನ್ನು ಸರಿಯಾಗಿ ನೋಡಿದರೇ ಎಂಬುದು ನಮ್ಮ ಪ್ರಶ್ನೆ. ಪೊಲೀಸ್ ಠಾಣೆಯ ವಿಚಾರಣಾ ಕೊಠಡಿಯ ದೃಶ್ಯವನ್ನೇ ನೆನಪಿಸಿಕೊಳ್ಳಿ. ಬ್ಯಾಟ್‌ಮ್ಯಾನ್ ಜೋಕರ್‌ನನ್ನು ಗೋಡೆಗೆ ಅಪ್ಪಳಿಸಿ ಥಳಿಸುತ್ತಾನೆ. ಜೋಕರ್ ನಗುತ್ತಾನೆ. ಕೊನೆಗೆ ಎರಡು ವಿಳಾಸಗಳನ್ನು ಹೇಳುತ್ತಾನೆ- ಅದೂ ಅದಲು ಬದಲು ಮಾಡಿ. ಪರಿಣಾಮವಾಗಿ ರೇಚೆಲ್ ಸಾಯುತ್ತಾಳೆ. ಹಾರ್ವೆ ಡೆಂಟ್‌ನ ಅರ್ಧ ಮುಖ ಸುಟ್ಟುಹೋಗುತ್ತದೆ. ಚಿತ್ರಹಿಂಸೆಯಿಂದ ಸತ್ಯ ಹೊರಬರುತ್ತದೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಕಪಾಳಮೋಕ್ಷ ಇನ್ನೇನಿದೆ?

ಇನ್ನೊಂದು ದೃಶ್ಯವಿದೆ. ಜೋಕರ್‌ನನ್ನು ಹುಡುಕಲು ಬ್ಯಾಟ್‌ಮ್ಯಾನ್ ನಗರದ ಪ್ರತಿಯೊಬ್ಬನ ಮೊಬೈಲನ್ನೂ ಗೂಢಚಾರನನ್ನಾಗಿಸುತ್ತಾನೆ. ಇಷ್ಟು ಅಧಿಕಾರ ಒಬ್ಬನ ಕೈಯಲ್ಲಿರುವುದು ತಪ್ಪೆಂದು ಅವನದೇ ಕಂಪೆನಿಯ ಲೂಷಿಯಸ್ ಫಾಕ್ಸ್ ಎದುರು ನಿಂತು ಹೇಳುತ್ತಾನೆ. ಈ ಒಂದು ಬಾರಿ ನೆರವಾಗುತ್ತೇನೆ, ಯಂತ್ರ ಇಲ್ಲಿರುವವರೆಗೆ ತಾನಿಲ್ಲಿ ಇರಲಾರೆ ಎನ್ನುತ್ತಾನೆ. ಕೆಲಸ ಮುಗಿದಾಗ ಯಂತ್ರ ನಾಶವಾಗುತ್ತದೆ. ಸಿನಿಮಾದಲ್ಲೇನೋ ಹಾಗಾಯಿತು. ವಾಸ್ತವದಲ್ಲಿ? 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ ದಾಖಲೆಗಳು ಅಮೆರಿಕವು ಕೋಟ್ಯಂತರ ಜನರ ದೂರವಾಣಿ ಮಾಹಿತಿಯನ್ನು ಸಂಗ್ರಹಿಸುತ್ತಿದ್ದುದನ್ನು ಜಗತ್ತಿಗೆ ತೋರಿಸಿದುವು. ಅಲ್ಲಿ ಯಂತ್ರವನ್ನು ಯಾರೂ ನಾಶಪಡಿಸಿರಲಿಲ್ಲ. ತುರ್ತಿನ ನೆಪದಲ್ಲಿ ಪಡೆದ ಅಧಿಕಾರವನ್ನು ತುರ್ತು ಮುಗಿದ ಮೇಲೆ ತಾನಾಗಿ ಬಿಟ್ಟುಕೊಡುವ ಪ್ರಭುತ್ವವಿರುವುದು ಸಿನಿಮಾದಲ್ಲಿ ಮಾತ್ರ. ನೋಲನ್‌ರ ಬಗ್ಗೆ ನಮ್ಮ ತಕರಾರಿರುವುದೂ ಇಲ್ಲೇ. ಆ ಯಂತ್ರವನ್ನು ಅವರು ಪ್ರಶ್ನಿಸಿದರು ನಿಜ, ಆದರೆ ಗೆಲುವನ್ನೂ ಅದರಿಂದಲೇ ದೊರಕಿಸಿಕೊಟ್ಟರು.

ಈಗ ಯಾರಿಗೂ ಬೇಡವಾದ ಹಾರ್ವೆ ಡೆಂಟ್‌ನ ಬಳಿಗೆ ಬರೋಣ. ನಮ್ಮನ್ನು ಕೇಳಿದರೆ ಅತ್ಯಂತ ಭಯಾನಕ ಪಾತ್ರ ಇವನದ್ದೇ. ಜೋಕರ್ ಎಲ್ಲಿಂದಲೋ ಬಂದವನು. ಡೆಂಟ್ ನಮ್ಮ ನಡುವಿನವನು. ಸರಕಾರಿ ವಕೀಲ, ಪ್ರಾಮಾಣಿಕ, ನಗರದ ಭರವಸೆ. ಅನ್ಯಾಯಕ್ಕೊಳಗಾದ ಬಳಿಕ ಅವನು ನ್ಯಾಯಾಲಯವನ್ನು ಬಿಟ್ಟು ನಾಣ್ಯವನ್ನು ಹಿಡಿಯುತ್ತಾನೆ. ನಾಣ್ಯ ಮೇಲೆ ಚಿಮ್ಮಿ ಯಾವ ಮಗ್ಗುಲಿಗೆ ಬಿತ್ತೋ ಅದೇ ತೀರ್ಪು. ನೋವುಂಡವನಿಗೆ ನ್ಯಾಯ ಬೇಕು, ಸರಿ. ಆದರೆ ನೋವುಂಡವನೇ ನ್ಯಾಯಾಧೀಶನಾದರೆ ಅಲ್ಲಿ ಉಳಿಯುವುದು ಸೇಡು ಮಾತ್ರ.

ಡೆಂಟ್ ಸತ್ತ ಮೇಲೆ ನಡೆಯುವುದು ಇನ್ನೂ ದೊಡ್ಡ ಅಪರಾಧ. ಅವನ ಕೊಲೆಗಳನ್ನು ಮುಚ್ಚಿಟ್ಟು ಹುತಾತ್ಮನೆಂದು ಸಾರಲಾಗುತ್ತದೆ. ಅವನ ಹೆಸರಿನಲ್ಲಿ ಕರಾಳ ಕಾನೂನೊಂದು ಬರುತ್ತದೆ. ಪರೋಲ್‌ನ ಅವಕಾಶವೂ ಇಲ್ಲದೆ ಸಾವಿರಾರು ಮಂದಿ ಜೈಲಿನಲ್ಲಿ ಉಳಿಯುತ್ತಾರೆ. ನಗರ ಶಾಂತವಾಗಿದೆಯೆಂದು ಎಂಟು ವರ್ಷ ಎಲ್ಲರೂ ಸಂಭ್ರಮಿಸುತ್ತಾರೆ. ಬೇನ್‌ಗೆ ಹೆಚ್ಚು ಶ್ರಮಪಡಬೇಕಾಗಿ ಬರಲಿಲ್ಲ. ಪೊಲೀಸ್ ಆಯುಕ್ತ ಗೋರ್ಡನ್‌ರ ತಪ್ಪೊಪ್ಪಿಗೆಯ ಪತ್ರವನ್ನು ಜೈಲಿನ ಬಾಗಿಲಲ್ಲಿ ನಿಂತು ಓದಿದರೆ ಸಾಕಾಯಿತು. ಸುಳ್ಳಿನ ಮೇಲೆ ಕಟ್ಟಿದ ಕಾನೂನು ಮುಂದಿನ ಖಳನಾಯಕನಿಗೆ ಸಿದ್ಧಪಡಿಸಿಟ್ಟ ವೇದಿಕೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಜನಪ್ರಿಯ ಚಿತ್ರಗಳು ವಿರಳ. ಬೇನ್ ಜನರಿಗೆ ನಗರವನ್ನು ಮರಳಿಸುತ್ತೇನೆನ್ನುತ್ತಾನೆ, ಅದೇ ಜನರ ನಡುವೆ ಅಣುಬಾಂಬನ್ನೂ ಇಟ್ಟಿರುತ್ತಾನೆ. ಅವನ ಕ್ರಾಂತಿಯ ನ್ಯಾಯಾಲಯದಲ್ಲಿ ಶಿಕ್ಷೆ ಎರಡೇ- ಮರಣ ಅಥವಾ ಗಡೀಪಾರು. ಗಡೀಪಾರಾದವನು ತೆಳುವಾದ ಮಂಜುಗಡ್ಡೆಯ ಮೇಲೆ ನಡೆದು ಮುಳುಗಿ ಸಾಯಬೇಕು. ಅಂತೂ ಹಳೆಯ ಅನ್ಯಾಯದ ಕುರ್ಚಿಯಲ್ಲಿ ಹೊಸ ಅನ್ಯಾಯ ಕುಳಿತಿತು, ಅಷ್ಟೆ.

ಹಾಗಾದರೆ ಜೋಕರ್‌ನನ್ನು ಸೋಲಿಸಿದವರು ಯಾರು? ಬ್ಯಾಟ್‌ಮ್ಯಾನ್ ಎಂದು ಹೇಳುವವರು ಎರಡು ದೋಣಿಗಳನ್ನು ಮರೆತಿದ್ದಾರೆ. ಒಂದರಲ್ಲಿ ಸಾಮಾನ್ಯ ನಾಗರಿಕರು, ಇನ್ನೊಂದರಲ್ಲಿ ಜೈಲಿನ ಕೈದಿಗಳು. ಎರಡರಲ್ಲೂ ಸ್ಫೋಟಕ. ಪ್ರತಿಯೊಂದು ದೋಣಿಯವರ ಕೈಯಲ್ಲೂ ಇನ್ನೊಂದನ್ನು ಸ್ಫೋಟಿಸುವ ಕೀಲಿ. ಮಧ್ಯರಾತ್ರಿಯೊಳಗೆ ಒಬ್ಬರು ಇನ್ನೊಬ್ಬರನ್ನು ಕೊಲ್ಲದಿದ್ದರೆ ಇಬ್ಬರೂ ಸಾಯಬೇಕು. ನಾಗರಿಕರ ದೋಣಿಯಲ್ಲಿ ಮತದಾನ ನಡೆಯುತ್ತದೆ. ಬಹುಮತ ಬರುವುದು ಕೈದಿಗಳನ್ನು ಕೊಲ್ಲುವ ಪರವಾಗಿ! ಆದರೆ ಕೀಲಿ ತಿರುಗಿಸಲು ಎದ್ದುನಿಂತವನ ಕೈ ಮುಂದೆ ಹೋಗುವುದಿಲ್ಲ. ಅತ್ತ ಕೈದಿಗಳ ದೋಣಿಯಲ್ಲಿ ದೈತ್ಯದೇಹದ ಕೈದಿಯೊಬ್ಬ ಅಧಿಕಾರಿಯ ಕೈಯಿಂದ ಆ ಸಾಧನವನ್ನು ಪಡೆದು ಕಿಟಕಿಯಿಂದ ನೀರಿಗೆ ಎಸೆಯುತ್ತಾನೆ. ನೋಡಿದೊಡನೆ ನಾವೆಲ್ಲ ಖಳನೆಂದು ತೀರ್ಮಾನಿಸುವ ಮುಖ ಅವನದ್ದು.

ಬಹುಮತ ಸಿಕ್ಕಿತೆಂಬ ಮಾತ್ರಕ್ಕೆ ಕೊಲೆ ನ್ಯಾಯವಾಗುವುದಿಲ್ಲ. ಜೈಲು ಸೇರಿದನೆಂಬ ಮಾತ್ರಕ್ಕೆ ಮನುಷ್ಯ ಮನುಷ್ಯನಲ್ಲದೆ ಹೋಗುವುದಿಲ್ಲ. ನಮ್ಮ ಪ್ರಕಾರ ಇಡೀ ಚಿತ್ರದ ತಿರುಳು ಈ ಕೆಲವೇ ನಿಮಿಷಗಳಲ್ಲಿದೆ. ಆದರೆ ಆ ಕೈದಿಗೆ ಚಿತ್ರದಲ್ಲಿ ಹೆಸರೂ ಇಲ್ಲ. ಅವನ ಮುಖದ ಅಂಗಿ ತೊಟ್ಟು ಓಡಾಡುವ ಅಭಿಮಾನಿಯೂ ಇಲ್ಲ.

2012ರ ಜುಲೈ 20ರಂದು ಅಮೆರಿಕದ ಕೊಲರಾಡೊ ರಾಜ್ಯದ ಅರೋರಾದಲ್ಲಿ ಮೂರನೆಯ ಚಿತ್ರದ ಮಧ್ಯರಾತ್ರಿಯ ಪ್ರದರ್ಶನದ ವೇಳೆ ಬಂದೂಕುಧಾರಿಯೊಬ್ಬ 12 ಮಂದಿಯನ್ನು ಕೊಂದ. ಕೊಂದವನ ಹೆಸರು, ಅವನ ಕೂದಲಿನ ಬಣ್ಣ ಜಗತ್ತಿಗೆಲ್ಲ ಬಾಯಿಪಾಠವಾಯಿತು. ಸತ್ತ 12 ಮಂದಿಯಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಆ ಕೃತ್ಯಕ್ಕೆ ಸಿನಿಮಾ ಕಾರಣವೆಂದು ನಾವು ಹೇಳುತ್ತಿಲ್ಲ. ನಮ್ಮ ನೆನಪಿನ ರೋಗದ ಬಗ್ಗೆ ಹೇಳುತ್ತಿದ್ದೇವೆ.

ಖಳನಾಯಕರ ಚರ್ಚೆ ನಡೆಯಲಿ, ಆಕ್ಷೇಪವಿಲ್ಲ. ಆದರೆ ಮುಂದಿನ ಬಾರಿ ಜೋಕರ್‌ನ ನಗುವನ್ನು ಬಣ್ಣಿಸುವಾಗ, ಅವನ ಲೆಕ್ಕಾಚಾರವನ್ನು ತಲೆಕೆಳಗಾಗಿಸಿದ ಆ ಹೆಸರಿಲ್ಲದ ಕೈದಿಯನ್ನೂ ಒಮ್ಮೆ ನೆನಪಿಸಿಕೊಳ್ಳೋಣ. ನಾವು ಕುಳಿತಿರುವ ದೋಣಿಯಲ್ಲೂ ಒಂದಲ್ಲ ಒಂದು ದಿನ ಮತದಾನ ನಡೆಯಬಹುದು. ಆಗ ನಮ್ಮ ಕೈ ಯಾವ ಕಡೆಗೆ ಏಳುತ್ತದೆ?