ವಿಶ್ರಾಂತಿಗೂ ಕೂಲಿ ಬೇಕು

“ಹತ್ತು ದಿನ ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ” ಎನ್ನಲು ವೈದ್ಯರಿಗೆ ಖರ್ಚೇನೂ ಇಲ್ಲ. ತೆಗೆದುಕೊಳ್ಳುವವನಿಗೆ ಖರ್ಚುಂಟು. ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಅಣೆಕಟ್ಟಿನ ಸುತ್ತಿನ ಹಳ್ಳಿಗಳಲ್ಲಿ ದಿನಗೂಲಿಯನ್ನೇ ನಂಬಿದ ಕನ್ನಡ ಕುಟುಂಬಗಳಿವೆ. ಮಳೆ ಅಪರೂಪವಾದ ಸೀಮೆ; ಕೆಲಸ ಇದ್ದಾಗಲೇ ದುಡಿದುಕೊಳ್ಳಬೇಕು. ಕಡಲೆಕಾಯಿ ಕೀಳುವ ಕಾಲದಲ್ಲಿ ಜ್ವರವೆಂದು ಮಲಗಿದರೆ ಹೋದ ಕೂಲಿ ಮತ್ತೆ ಬಾರದು. ಆದುದರಿಂದ ಮೈಬಿಸಿ ಪೂರ್ತಿ ಆರುವ ಮೊದಲೇ ಆತ ಹೊಲದಲ್ಲಿರುತ್ತಾನೆ. ಹೆಂಗಸರ ಪಾಡನ್ನಂತೂ ಕೇಳುವುದೇ ಬೇಡ. ಕೂಲಿಗೆ ರಜೆ ಸಿಕ್ಕೀತು, ಒಲೆಗೆ ರಜೆಯೆಲ್ಲಿ?

ಇದನ್ನು ಮೈಗಳ್ಳತನದ ಲೆಕ್ಕದಲ್ಲಿ ನೋಡುವವರು ನಮ್ಮಲ್ಲೂ ಕಡಿಮೆಯಿಲ್ಲ. ಆದರೆ ಇದು ಪ್ರಾಣದ ಪ್ರಶ್ನೆ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನಗಳೇ ಹೆಚ್ಚು ಅಪಾಯದವು. ಬಿಡದ ವಾಂತಿ, ಹೊಟ್ಟೆನೋವು, ರಕ್ತಸ್ರಾವ ತಲೆದೋರುವುದು ಆಗಲೇ. ನಮ್ಮವರು ವಾಸಿಯಾಯಿತೆಂದು ಬುತ್ತಿ ಕಟ್ಟಿಕೊಂಡು ಹೊರಡುವುದೂ ಆ ದಿನಗಳಲ್ಲೇ. ಕ್ಷಯದ ಕೆಮ್ಮು ಕೆಲವು ವಾರಗಳಲ್ಲಿ ತಗ್ಗುತ್ತದೆ. ಮದ್ದು ಮಾತ್ರ ಸಾಮಾನ್ಯವಾಗಿ ಆರು ತಿಂಗಳು ಬೇಕು. ನಡುವೆ ಬಿಟ್ಟವನಿಗೆ ರೋಗ ಮರಳಿ ಬಂದಾಗ ಹಳೆಯ ಮದ್ದು ನಾಟದಿರಬಹುದು.

ವಿಶ್ರಾಂತಿಯೂ ಚಿಕಿತ್ಸೆಯ ಭಾಗವೆಂಬುದು ಸರಕಾರಕ್ಕೆ ತಿಳಿಯದ ವಿಷಯವೇನಲ್ಲ. 1948ರ ಕಾನೂನಿನಿಂದ ಬಂದ ಇ.ಎಸ್.ಐ. ವ್ಯವಸ್ಥೆಯಲ್ಲಿ ವಂತಿಗೆ ಕಟ್ಟಿದ ಕಾರ್ಮಿಕನಿಗೆ ಕಾಯಿಲೆಯ ಕಾಲಕ್ಕೆ ವರ್ಷದಲ್ಲಿ 91 ದಿನಗಳವರೆಗೆ ಶೇಕಡಾ 70ರಷ್ಟು ವೇತನ ದೊರೆಯುತ್ತದೆ. ಕಾರ್ಖಾನೆಯ ಗೇಟಿನ ಒಳಗಿದ್ದವನಿಗೆ ಸಿಕ್ಕಿದ್ದು ಹೊಲದಲ್ಲಿದ್ದವನಿಗೆ ಏಕಿಲ್ಲ? ಆಂಧ್ರ ಸರಕಾರವು 2019ರ ಡಿಸೆಂಬರಿನಲ್ಲಿ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತು. ಆರೋಗ್ಯಶ್ರೀಯಲ್ಲಿ ಚಿಕಿತ್ಸೆ ಪಡೆದ ಬಡರೋಗಿ ಚೇತರಿಸಿಕೊಳ್ಳುವ ಅವಧಿಗೆ ದಿನಕ್ಕೆ 225 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 5,000 ರೂಪಾಯಿ ಕೊಡುವ ‘ಆರೋಗ್ಯ ಆಸರಾ’ ಅದು. ಯಾವ ಪಕ್ಷ ತಂದಿತು ಎಂಬ ಚರ್ಚೆ ನಮಗೆ ಬೇಡ, ತತ್ವ ಸರಿಯಾದುದು. ಕೊರತೆಯೆಂದರೆ, ಮನೆಯಲ್ಲೇ ಮಲಗಿ ಗುಣವಾಗುವ ಸಾಮಾನ್ಯ ಜ್ವರದ ರೋಗಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕೂಲಿಕಾರ ಹೆಚ್ಚಾಗಿ ದಿನ ಕಳೆದುಕೊಳ್ಳುವುದು ಇಂತಹ ಜ್ವರಗಳಲ್ಲೇ.

ಇನ್ನು ಭಾಷೆಯ ಮಾತು. ರಾಯದುರ್ಗದಲ್ಲಾಗಲಿ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರದಲ್ಲಾಗಲಿ, ಮನೆಯಲ್ಲಿ ಕನ್ನಡವಾಡುವ ರೋಗಿಯ ಕೈಗೆ ಸೂಚನೆಯ ಚೀಟಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬಂದರೆ ಅದನ್ನು ಓದಿ ಹೇಳುವವರು ಯಾರು? ಕಾಸರಗೋಡಿನ ಓದುಗರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಮಲಯಾಳ ಬಲ್ಲ ನೆರೆಮನೆಯ ಹುಡುಗ ಶಾಲೆಯಿಂದ ಬರುವವರೆಗೆ ಚೀಟಿ ಹಿಡಿದು ಜಗಲಿಯಲ್ಲಿ ಕುಳಿತವರು ನಮ್ಮಲ್ಲೂ ಇದ್ದಾರೆ. ಮಾತ್ರೆಯ ಹೊತ್ತನ್ನು ಬೆರಳೆಣಿಸಿ ತಿಳಿಸಬಹುದು. “ಜ್ವರ ಬಿಟ್ಟರೂ ಕೆಲಸಕ್ಕೆ ಹೋಗಬೇಡ, ಈ ಲಕ್ಷಣ ಕಂಡರೆ ಕೂಡಲೇ ಬಾ” ಎಂಬುದನ್ನು ರೋಗಿಯ ಭಾಷೆಯಲ್ಲೇ ಹೇಳಬೇಕು.

ಹಿಂದೆ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯಿತ್ತು. ಹಾಸಿಗೆ ಹಿಡಿದವನ ಹೊಲದ ಕೆಲಸವನ್ನು ನೆರೆಯವರು ಮಾಡಿಕೊಟ್ಟು, ಆತ ಎದ್ದ ಮೇಲೆ ತೀರಿಸಿಕೊಳ್ಳುತ್ತಿದ್ದರು. ಅದನ್ನು ಇಂದೂ ನಡೆಸಬಹುದು. ಆದರೆ ಹೊಲವೇ ಇಲ್ಲದವನಿಗೆ ಮುಯ್ಯಿಯಿಂದ ಹೊಟ್ಟೆ ತುಂಬದು. ಆತನಿಗೆ ಬೇಕಾದುದು ಆ ಹತ್ತು ದಿನಗಳ ಕೂಲಿ, ಮತ್ತು ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ. ಗಡಿಯ ಎರಡೂ ಬದಿಯ ಶಾಸಕರು ಈ ಎರಡನ್ನಾದರೂ ಕೇಳಬೇಕೆಂದು ನಾವು ಒತ್ತಾಯಿಸುತ್ತೇವೆ.