ಹಳೆಯ ಲ್ಯಾಪ್‌ಟಾಪಿಗೂ ಕಲಾಯಿ ಹಾಕಿಸಬಹುದು

2025ರ ಜೂನ್ ತಿಂಗಳ ಮೊದಲ ವಾರ. ಒಂದು ಕಾಲಕ್ಕೆ ನನ್ನ ಹೋಟೆಲಿನಲ್ಲಿ ಮಾಣಿಯಾಗಿದ್ದು, ಈಗ ಅಂಧೇರಿಯ ಕಡೆಯ ಒಂದು ಉಪಾಹಾರಗೃಹದಲ್ಲಿ ಗಲ್ಲಾ ನೋಡಿಕೊಳ್ಳುತ್ತಿರುವ ಮಿತ್ರರೊಬ್ಬರು ಪತ್ರಿಕೆಯ ಕಛೇರಿಗೆ ಬಂದರು. ಕುಳಿತರು, ಚಹ ಕುಡಿದರು, ಊರಿನ ಮಳೆಯ ಮಾತಾಡಿದರು. ಎದ್ದು ಹೊರಡುವ ಹೊತ್ತಿಗೆ ಬಂದ ಕಾರಣ ಹೊರಬಿತ್ತು.

“ಅಣ್ಣಾ, ನಲವತ್ತೈದು ಸಾವಿರ ಬೇಕಿತ್ತು. ಕಂತಿನಲ್ಲಿ ತೆಗೆದುಕೊಂಡರೆ ಬಡ್ಡಿ ಬೀಳುತ್ತದೆ. ನೀವು ಕೊಟ್ಟರೆ ತಿಂಗಳಿಗೆ ಎರಡು ಸಾವಿರದಂತೆ ತೀರಿಸುತ್ತೇನೆ.”

“ಏತಕ್ಕೆ ಮಾರಾಯ ಅಷ್ಟೊಂದು?”

“ಮಗಳಿಗೆ ಹೊಸ ಲ್ಯಾಪ್‌ಟಾಪ್. ಕುಂದಾಪುರದಲ್ಲಿ ಬಿ.ಕಾಂ. ಓದುತ್ತಾಳಲ್ಲ. ಈಗ ಇರುವುದು ಸತ್ತ ಹಾಗೆಯೇ. ಒತ್ತಿದ ಮೇಲೆ ತೆರೆದುಕೊಳ್ಳುವುದಕ್ಕೆ ಹತ್ತು ನಿಮಿಷ. ಅಂಗಡಿಯವರು ನೋಡಿ, ಇದರ ಕಾಲ ಮುಗಿಯಿತು ಎಂದರಂತೆ.”

ತಿಂಗಳಿಗೆ ಎರಡು ಸಾವಿರದಂತೆ ನಲವತ್ತೈದು ಸಾವಿರ ತೀರಬೇಕಾದರೆ ಹೆಚ್ಚುಕಡಿಮೆ ಎರಡು ವರ್ಷ ಬೇಕು. ಆ ಎರಡು ವರ್ಷವೂ ಊರಿನ ಮನೆಗೆ ಹೋಗುವ ಹಣದಲ್ಲಿ ಅಷ್ಟು ಕಡಿಮೆಯಾಗಬೇಕು. ನಾನು ಹಣ ಕೊಡುವುದಿಲ್ಲವೆನ್ನಲಿಲ್ಲ. ಮೊದಲು ಆ ಸತ್ತ ಯಂತ್ರವನ್ನು ಊರಿನಿಂದ ಬರುವ ಬಸ್ಸಿನಲ್ಲಿ ತರಿಸು, ಆಮೇಲೆ ನೋಡೋಣ ಎಂದೆ. ಅವರ ಮುಖ ಸ್ವಲ್ಪ ಬಾಡಿತು. ಅಣ್ಣ ಉಪಾಯವಾಗಿ ಜಾರಿಕೊಳ್ಳುತ್ತಿದ್ದಾರೆ ಎಂದು ಭಾವಿಸಿರಬೇಕು.

ನಾನು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಅಂಥದೇ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೆ. ಹೋಟೆಲಿನ ಬಿಲ್ಲು ಮತ್ತು ಉದ್ರಿ ಲೆಕ್ಕಕ್ಕಾಗಿ 2013ರಲ್ಲಿ ಕೊಂಡ ಲ್ಯಾಪ್‌ಟಾಪೊಂದು ನಮ್ಮ ಗಲ್ಲಾದ ಮೇಲೆ ಆರು ವರ್ಷ ದುಡಿಯಿತು. 2019ರಲ್ಲಿ ಅದು ಗಳಿಗೆಗೊಮ್ಮೆ ನಿಂತುಬಿಡತೊಡಗಿತು. ಬೆಳಗಿನ ಎಂಟು ಗಂಟೆಯ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅದು ನಿಂತಾಗ ನನ್ನ ತಾಳ್ಮೆಯೂ ಮುಗಿಯಿತು. ಭಂಗಾರದವನಿಗೆ ಆರುನೂರು ರೂಪಾಯಿಗೆ ಕೊಟ್ಟು ಹೊಸದನ್ನು ತಂದೆ. ಎರಡು ತಿಂಗಳ ಮೇಲೆ ಈ ಕೆಲಸ ಬಲ್ಲ ಹುಡುಗನೊಬ್ಬನ ಬಳಿ ಆ ಯಂತ್ರದ ಲಕ್ಷಣಗಳನ್ನು ವರ್ಣಿಸಿದಾಗ ಅವನು ನಕ್ಕು, “ಸೇಟ್ರೇ, ಅದರ ಫ್ಯಾನಿಗೆ ಎಣ್ಣೆಯ ಜಿಡ್ಡು ಕಟ್ಟಿತ್ತು, ಅಷ್ಟೇ ಇರಬೇಕು” ಎಂದನು. ನಷ್ಟ ಹಣದ್ದು ಮಾತ್ರವಾಗಿದ್ದರೆ ಮರೆಯಬಹುದಿತ್ತು. ನನ್ನ ತಾಯಿಯ ಕೊನೆಯ ವರ್ಷದ ಕೆಲವು ಚಿತ್ರಗಳು ಆ ಡಿಸ್ಕಿನಲ್ಲಿದ್ದವು. ಬೇರೆಲ್ಲಿಯೂ ಇರಲಿಲ್ಲ.

ಹೋಟೆಲ್ ಉದ್ಯಮದಲ್ಲಿರುವ ನಾವು ಇಂಥ ವಿಷಯದಲ್ಲಿ ಮೋಸಹೋಗುವುದು ನಿಜಕ್ಕೂ ಸೋಜಿಗ. 1996ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ನಾನು ಮುಂಬಯಿಗೆ ಬಂದಾಗ ಕೆಲಸಕ್ಕೆ ಸೇರಿದ ಹೋಟೆಲಿನ ಹಿತ್ತಾಳೆಯ ತಪ್ಪಲೆಗಳು ನನಗಿಂತ ವಯಸ್ಸಿನಲ್ಲಿ ಹಿರಿಯವು. ಒಳಗಿನ ಬಿಳುಪು ಮಾಸಿದ ಕೂಡಲೇ ಕಲಾಯಿಯವನು ಬಂದು ತಿದಿ ಊದಿ ಕುಳಿತುಕೊಳ್ಳುತ್ತಿದ್ದನು. ಸಾಯಂಕಾಲಕ್ಕೆ ತಪ್ಪಲೆಗಳು ಹೊಸತಾಗುತ್ತಿದ್ದವು. ರುಬ್ಬುವ ಕಲ್ಲು ಸವೆದು ನುಣುಪಾದರೆ ಉಳಿಯಿಂದ ಹೊಡೆಸಿ ತರಿಯಾಗಿಸುತ್ತಿದ್ದೆವು. ಕಲ್ಲು ಸವೆಯಿತೆಂದು ಗ್ರೈಂಡರನ್ನೇ ಬೀದಿಗೆ ಎಸೆದ ಹೋಟೆಲಿನವರನ್ನು ನಾನು ಕಂಡಿಲ್ಲ. ಅದೇ ನಾವು ಲ್ಯಾಪ್‌ಟಾಪಿನ ಮುಂದೆ ನಿಂತಾಗ ಮಾತ್ರ, ಯಾವ ಭಾಗ ಸವೆದಿದೆ ಎಂದು ಕೇಳುವುದನ್ನು ಬಿಟ್ಟು, ಮಾರುವವನು ಹೇಳಿದ್ದನ್ನು ನಂಬಿ ಹಣ ಎಣಿಸುತ್ತೇವೆ. ಅದು ವಿದ್ಯಾವಂತರ ಯಂತ್ರ, ನಮಗೆ ತಿಳಿಯುವಂಥದಲ್ಲ ಎಂಬ ಅಂಜಿಕೆಯೇ ಇದಕ್ಕೆ ಮೂಲವೆಂದು ನನ್ನ ಅಭಿಪ್ರಾಯ.

ತಿಳಿಯದಂಥದು ಅದರಲ್ಲಿ ಹೆಚ್ಚೇನೂ ಇಲ್ಲ. ಹತ್ತು ವರ್ಷದ ಹಿಂದಿನ ಸಾಧಾರಣ ಲ್ಯಾಪ್‌ಟಾಪುಗಳಲ್ಲಿ ಬರಹ, ಚಿತ್ರ, ಲೆಕ್ಕ ಎಲ್ಲವೂ ಹಾರ್ಡ್ ಡಿಸ್ಕ್ ಎಂಬ ಡಬ್ಬಿಯೊಳಗೆ ಇರುತ್ತಿದ್ದವು. ಅದರೊಳಗೆ ತಟ್ಟೆಗಳು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಒಂದು ಸಣ್ಣ ಕೈ ಅತ್ತಿತ್ತ ಸರಿದು ಬೇಕಾದುದನ್ನು ಹುಡುಕಿ ಓದುತ್ತದೆ. ನೂರು ಗಿರಾಕಿಗಳ ಹೋಟೆಲಿಗೆ ಒಬ್ಬನೇ ಮಾಣಿ ಇದ್ದು, ಒಂದೊಂದು ಇಡ್ಲಿಗೂ ಅಡಿಗೆಮನೆಗೆ ಓಡಿ ಬರುವಂತೆ ಅದರ ಸ್ಥಿತಿ. ಇಂದಿನ ಕೆಲಸಗಳು ಒಂದೇ ಕ್ಷಣಕ್ಕೆ ಹತ್ತಾರು ಕಡೆಯಿಂದ ಕೇಳುವಾಗ ಆ ಕೈ ಓಡಿ ಓಡಿ ಸೋಲುತ್ತದೆ. ಯಂತ್ರ ಮುದಿಯಾಯಿತೆಂದು ನಾವು ಹೇಳುವಾಗ ಬಹಳ ಸಲ ನಿಜವಾಗಿ ನಿಧಾನವಾಗಿರುವುದು ಈ ಒಂದು ಡಬ್ಬಿ ಮಾತ್ರ. ಅದರ ಜಾಗದಲ್ಲಿ ಎಸ್‌ಎಸ್‌ಡಿ ಎಂಬ, ತಿರುಗುವ ಭಾಗಗಳೇ ಇಲ್ಲದ ಸಂಗ್ರಹವನ್ನು ಕೂಡಿಸಬಹುದು. ಹೆಚ್ಚಿನ ಹಳೆಯ ಯಂತ್ರಗಳಲ್ಲಿ ಕೆಲವು ತಿರುಪುಗಳನ್ನು ಬಿಚ್ಚಿ, ಹಳೆಯದನ್ನು ತೆಗೆದು, ಅದೇ ಗಾತ್ರದ ಹೊಸದನ್ನು ಕೂಡಿಸುವುದಷ್ಟೇ ಕೆಲಸ.

ಎರಡನೆಯದು ರ್ಯಾಮ್. ಇದು ಭಟ್ಟರ ಮುಂದಿನ ಮೇಜಿದ್ದಂತೆ. ಮೇಜು ಕಿರಿದಾದರೆ ಒಂದು ಪಾತ್ರೆ ಇಡಲು ಇನ್ನೊಂದನ್ನು ಉಗ್ರಾಣಕ್ಕೆ ಕಳಿಸಬೇಕು. 4 ಜಿಬಿ ಇರುವ ಯಂತ್ರವನ್ನು 8 ಜಿಬಿಗೆ ಏರಿಸಿದರೆ ಗುಮಾಸ್ತರ ಕೆಲಸಕ್ಕೂ ವಿದ್ಯಾರ್ಥಿಗಳ ಪಾಠಕ್ಕೂ ಸಾಕು. ಆದರೆ ಡಿಡಿಆರ್3, ಡಿಡಿಆರ್4 ಎಂದು ಇದರಲ್ಲಿ ಜಾತಿಗಳಿವೆ. ಒಂದರ ಜಾಗದಲ್ಲಿ ಮತ್ತೊಂದು ಕೂರುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವವರು ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಸಾಧ್ಯವಾದರೆ ಯಂತ್ರವನ್ನೇ ಕೊಂಡೊಯ್ಯಬೇಕು.

ಇರಲಿ, ಕುಂದಾಪುರದ ಯಂತ್ರಕ್ಕೆ ಬರೋಣ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಆನ್‌ಲೈನ್ ಆದಾಗ ನಮ್ಮ ಮಿತ್ರರು ಕೈಬದಲಿಯಾಗಿ ಕೊಂಡದ್ದು ಅದು, ತಯಾರಾದದ್ದು 2016ರಲ್ಲಿ. ಅದನ್ನು ಚೀಲದಲ್ಲಿ ಹಾಕಿಕೊಂಡು ನಾವಿಬ್ಬರೂ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆವು. (ಅದಕ್ಕೆ ಡಾ. ದಾದಾಸಾಹೇಬ್ ಭಡಕಂಕರ್ ಮಾರ್ಗವೆಂಬ ಹೆಸರಾಗಿ ಬಹುಕಾಲವಾದರೂ ಟ್ಯಾಕ್ಸಿಯವನಿಗೆ ಹಳೆಯ ಹೆಸರನ್ನೇ ಹೇಳಬೇಕು.) ಮೂರು ಅಂಗಡಿಗಳಲ್ಲಿ ವಿಚಾರಿಸಿದೆವು. ಮೊದಲನೆಯವನು ಯಂತ್ರವನ್ನು ಮುಟ್ಟದೆಯೇ ಹೊಸದರ ದರಪಟ್ಟಿ ಮುಂದಿಟ್ಟನು. ಎರಡನೆಯವನು ಹೇಳಿದ ದರ ಅತಿಯಾಗಿತ್ತು. ಮೂರನೆಯವನು ಮಹಡಿಯ ಮೇಲಿನ, ನಮ್ಮ ಹೋಟೆಲಿನ ಉಗ್ರಾಣದಷ್ಟೂ ಅಗಲವಿಲ್ಲದ ಕೋಣೆಯಲ್ಲಿ ಕುಳಿತಿದ್ದ ಮುದುಕ. ಅವನು ನಮ್ಮೆದುರಿಗೇ ತಿರುಪು ಬಿಚ್ಚಿ, ಫ್ಯಾನಿನಿಂದ ಬೆರಳು ದಪ್ಪದ ಧೂಳಿನ ಉಂಡೆ ಎಳೆದು ಮೇಜಿನ ಮೇಲಿಟ್ಟನು. ಮಿತ್ರರು ಅದನ್ನೇ ನೋಡುತ್ತ ಕುಳಿತರು.

ಖರ್ಚಿನ ವಿವರ ನನ್ನ ಬಳಿ ಇದೆ. 256 ಜಿಬಿಯ ಎಸ್‌ಎಸ್‌ಡಿಗೆ 1,750 ರೂಪಾಯಿ, ಹೆಚ್ಚಿನ 4 ಜಿಬಿ ರ್ಯಾಮಿಗೆ 800, ಬ್ಯಾಟರಿಗೆ 1,900, ಫ್ಯಾನು ತೊಳೆದು ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟನ್ನು ಬದಲಾಯಿಸಿದ್ದಕ್ಕೂ ಕೂಲಿಗೂ ಸೇರಿ 600. ಒಟ್ಟು 5,050. ಹತ್ತು ನಿಮಿಷ ಹಿಡಿಯುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ತೆರೆದುಕೊಂಡಿತು. ತೆಗೆದ ಹಾರ್ಡ್ ಡಿಸ್ಕನ್ನೂ ಮುದುಕ ಬಿಸಾಡಲಿಲ್ಲ. ಇನ್ನೂರು ರೂಪಾಯಿಯ ಕವಚವೊಂದಕ್ಕೆ ಸೇರಿಸಿ, ಹಳೆಯ ಚಿತ್ರ ಮತ್ತು ಕಡತಗಳ ನಕಲು ಇಟ್ಟುಕೊಳ್ಳಲು ಬರುತ್ತದೆ ಎಂದು ಕೈಗೆ ಕೊಟ್ಟನು. ನನ್ನ ತಾಯಿಯ ಚಿತ್ರಗಳು ಆಗ ನೆನಪಾದವೆಂದು ಬೇರೆ ಹೇಳಬೇಕಾಗಿಲ್ಲ.

ಇಂಥ ಬೀದಿ ಮುಂಬಯಿಗೆ ಮಾತ್ರ ಮೀಸಲಲ್ಲ. ಚೆನ್ನೈಯ ಬಾಂಧವರಿಗೆ ರಿಚ್ಚಿ ಸ್ಟ್ರೀಟ್ ಇದೆ, ದೆಹಲಿಯವರಿಗೆ ನೆಹರೂ ಪ್ಲೇಸ್ ಇದೆ, ಹೈದರಾಬಾದಿನವರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಬಹುದು. ರಜೆಯಲ್ಲಿ ಬೆಂಗಳೂರಿಗೆ ಹೋಗುವವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಎಲ್ಲಿಯೇ ಆಗಲಿ ಕೆಲಸವನ್ನು ಕಣ್ಣೆದುರಿಗೆ ಮಾಡಿಸಿಕೊಳ್ಳುವುದು, ಬಿಲ್ಲು ಕೇಳಿ ಪಡೆಯುವುದು, ಯಂತ್ರ ಬಿಚ್ಚುವ ಮೊದಲೇ ಕಡತಗಳ ನಕಲು ತೆಗೆದಿಡುವುದು ಒಳ್ಳೆಯದು. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಅದನ್ನು ಒಂದು ದಿನವೂ ಉಪಯೋಗಿಸಬಾರದು. ಅದು ಬೆಂಕಿ ಹಿಡಿಯುವ ವಸ್ತು.

ಎಲ್ಲ ಹಳೆಯ ಯಂತ್ರಗಳೂ ಬದುಕುತ್ತವೆಂದು ನಾನು ಹೇಳುತ್ತಿಲ್ಲ. ಮದರ್‌ಬೋರ್ಡ್ ಸುಟ್ಟಿದ್ದರೆ ಅದರ ಮೇಲೆ ಹಣ ಸುರಿಯುವುದು ಒಡೆದ ಮಡಕೆಗೆ ನೀರು ಹೊಯ್ದಂತೆ. 2 ಜಿಬಿ ರ್ಯಾಮು, 32 ಜಿಬಿಯ ಸಂಗ್ರಹ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿ ಮಾರಿದ ಅಗ್ಗದ ಪುಟ್ಟ ಯಂತ್ರಗಳಿಗೂ ಮಾಡುವಂಥದು ಏನೂ ಇಲ್ಲ. ಬೆಲೆಗಳೂ ನಿಂತಲ್ಲಿ ನಿಂತಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳಿಗೆ ಮೆಮೊರಿ ಚಿಪ್ಪುಗಳು ಹೋಗತೊಡಗಿ ರ್ಯಾಮಿನ ಬೆಲೆ ವಿಪರೀತ ಏರಿತು. ನಮ್ಮ ಮಿತ್ರರು ಕೊಟ್ಟ 800 ರೂಪಾಯಿಗೆ ಅದೇ ವಸ್ತು ಮತ್ತೆ ಸಿಗುವುದೆಂಬ ಭರವಸೆ ನಾನು ಕೊಡಲಾರೆ. ಆದರೆ ಅದೇ ಚಿಪ್ಪುಗಳು ಹೊಸ ಲ್ಯಾಪ್‌ಟಾಪಿನೊಳಗೂ ಇರುತ್ತವೆ ಎಂಬುದನ್ನು ಮರೆಯಬಾರದು.

ಇನ್ನೊಂದು ತೊಡಕು ವಿಂಡೋಸಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ರಕ್ಷಣೆಯ ಏರ್ಪಾಡೂ, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದಕ್ಕಿಂತ ಈಚಿನದೋ ಇರಬೇಕೆಂದು ಕಂಪನಿಯ ಕಟ್ಟಳೆ. ಹೀಗೆ ಗಟ್ಟಿಮುಟ್ಟಾಗಿ ನಡೆಯುತ್ತಿದ್ದ ಅಸಂಖ್ಯ ಯಂತ್ರಗಳು ಒಂದು ಕಟ್ಟಳೆಯಿಂದ ಮುದಿಯೆನಿಸಿದವು. ಇದನ್ನು ನಾನು ನ್ಯಾಯವೆಂದು ಒಪ್ಪಲಾರೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆಯ ತಿದ್ದುಪಡಿಗಳನ್ನು ಕೊಡುವುದಾಗಿ ಕಂಪನಿಯು ಪ್ರಕಟಿಸಿತು. ಮಿತ್ರರ ಮಗಳು ಹಾಗೆ ನೋಂದಾಯಿಸಿಕೊಂಡಳು. ವಾಣಿಜ್ಯದ ವಿದ್ಯಾರ್ಥಿನಿಗೆ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು.

ಟ್ಯಾಲಿಯ ಹಂಗಿಲ್ಲದವರಿಗೆ ಮತ್ತೊಂದು ದಾರಿಯಿದೆ. ಉಬುಂಟು, ಲಿನಕ್ಸ್ ಮಿಂಟ್ ಎಂಬವನ್ನು ಹಣ ಕೊಡದೆಯೇ ಪಡೆದು ಹಾಕಿಕೊಳ್ಳಬಹುದು. ನಮ್ಮ ಕಛೇರಿಯ ಮೂರು ಹಳೆಯ ಯಂತ್ರಗಳಲ್ಲಿ ವರದಿ ಬರೆಯುವುದೂ ಪತ್ರವ್ಯವಹಾರವೂ ಅದರಲ್ಲಿಯೇ ನಡೆಯುತ್ತಿದೆ. ಕನ್ನಡದ ಕಗಪ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಉಂಟು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿದ್ದ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸುವುದಕ್ಕೆ ನಮಗೆ ಒಂದು ವಾರ ತಲೆನೋವಾಯಿತು, ಆಮೇಲೆ ಆಗಲಿಲ್ಲ.

ತಯಾರಕರ ವಿಷಯದಲ್ಲಿ ನನಗೆ ದೊಡ್ಡ ದೂರಿದೆ. ಯಂತ್ರ ತೆಳ್ಳಗಾದಷ್ಟೂ ಅದರ ಹೊಟ್ಟೆಯೊಳಗೆ ಕೈಹಾಕುವುದು ಕಷ್ಟವಾಗುತ್ತಿದೆ. ರ್ಯಾಮನ್ನು ಬೋರ್ಡಿಗೆ ಬೆಸೆಯುತ್ತಾರೆ, ಬ್ಯಾಟರಿಯನ್ನು ಅಂಟಿನಿಂದ ಕೂರಿಸುತ್ತಾರೆ. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಬಗ್ಗೆ 2022ರ ಜುಲೈಯಲ್ಲಿ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರ್ 24ರಂದು ತಯಾರಕರ ದುರಸ್ತಿ ವಿವರಗಳನ್ನು ಒಂದೆಡೆ ಕಾಣುವಂತೆ ಜಾಲತಾಣವನ್ನು ತೆರೆಯಿತು. ಒಳ್ಳೆಯ ಕೆಲಸವೇ. ಆದರೆ ವಿವರ ತೋರಿಸುವುದು ಬೇರೆ, ಬಿಡಿಭಾಗವನ್ನು ನ್ಯಾಯವಾದ ಬೆಲೆಗೆ ಕೊಡಲೇಬೇಕೆಂದು ಕಾನೂನಿನಿಂದ ಕಟ್ಟಿಹಾಕುವುದು ಬೇರೆ. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪಿನ ಬೆಲೆಯ ಜತೆಗೆ ಅದನ್ನು ದುರಸ್ತಿ ಮಾಡುವುದು ಎಷ್ಟು ಸುಲಭವೆಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕವನ್ನೂ ಅಂಗಡಿಯವನು ತೋರಿಸಬೇಕಾಗಿದೆ. ನಮ್ಮಲ್ಲಿ ಅಂಥ ಕಟ್ಟಳೆ ಬರುವವರೆಗೂ ಕೊಳ್ಳುವವನೇ ಬಾಯಿಬಿಟ್ಟು ಕೇಳಬೇಕು: ರ್ಯಾಮಿಗೆ ಖಾಲಿ ಜಾಗ ಇದೆಯೇ? ಬ್ಯಾಟರಿ ಬಿಚ್ಚಲು ಬರುತ್ತದೆಯೇ?

ಎಸೆದ ಯಂತ್ರ ಎಲ್ಲಿಗೆ ಹೋಗುತ್ತದೆಂದು ದೆಹಲಿಯ ಓದುಗರಿಗೆ ಗೊತ್ತು. ಯಮುನೆಯ ಆಚೆಯ ಸೀಲಂಪುರದಲ್ಲಿ ತಾಮ್ರಕ್ಕಾಗಿ ತಂತಿ ಸುಡುವ, ಬರಿಗೈಯಲ್ಲಿ ಬೋರ್ಡು ಬಿಡಿಸುವ ಬಡವರ ಕಥೆಯನ್ನು ಪತ್ರಿಕೆಗಳು ಎಷ್ಟೋ ಸಲ ಬರೆದಿವೆ. 2022ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಇಂಥ ವಿದ್ಯುನ್ಮಾನ ಕಸ 6.2 ಕೋಟಿ ಟನ್ ಆಯಿತೆಂದು ವಿಶ್ವಸಂಸ್ಥೆಯ ಲೆಕ್ಕ. ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆ ಇದ್ದದ್ದು ಅದರಲ್ಲಿ ಕಾಲುಭಾಗಕ್ಕೂ ಕಡಿಮೆ.

ನಮ್ಮ ಸಂಘಸಂಸ್ಥೆಗಳಿಗೆ ಒಂದು ಸೂಚನೆ. ಪ್ರತಿವರ್ಷ ಜೂನಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಪುಸ್ತಕ ಹಂಚುತ್ತೀರಿ, ಫೋಟೋ ಕಳಿಸುತ್ತೀರಿ, ನಾವೂ ಸಂತೋಷದಿಂದ ಅಚ್ಚುಹಾಕುತ್ತೇವೆ. ಅದೇ ಸಭಾಗೃಹದಲ್ಲಿ ಒಂದು ಭಾನುವಾರ ಎರಡು ಮೇಜು ಹಾಕಿ, ಕೆಲಸ ಬಲ್ಲ ಇಬ್ಬರು ಹುಡುಗರನ್ನು ಕೂರಿಸಿ, ಜನರು ತಂದ ಹಳೆಯ ಲ್ಯಾಪ್‌ಟಾಪುಗಳನ್ನು ಬಿಚ್ಚಿ ನೋಡಿಸಿರಿ. ಬ್ಯಾಂಕು, ಕಂಪನಿಗಳಲ್ಲಿರುವ ನಮ್ಮ ಗುಮಾಸ್ತ ಬಂಧುಗಳು ತಮ್ಮ ಕಛೇರಿ ಬದಲಾಯಿಸಿದ ಯಂತ್ರಗಳನ್ನು ಕ್ರಮಪ್ರಕಾರ ಕೇಳಿ ಪಡೆದರೆ ರಾತ್ರಿ ಓದುವ ಹೋಟೆಲ್ ಹುಡುಗರಿಗೆ ಉಪಯೋಗವಾದೀತು. ನಮ್ಮ ಕಛೇರಿಗೆ ತಂದುಕೊಟ್ಟರೂ ಅಡ್ಡಿಯಿಲ್ಲ. ಕೊಡುವ ಮೊದಲು ಡಿಸ್ಕಿನಲ್ಲಿದ್ದುದನ್ನು ಪೂರ್ತಿಯಾಗಿ ಅಳಿಸಿರಿ. ಚಾರ್ಜರನ್ನು ಜತೆಗೇ ಕೊಡಿರಿ. ಚಾರ್ಜರ್ ಇಲ್ಲದೆ ಬಂದ ಎರಡು ಯಂತ್ರಗಳು ಆರು ತಿಂಗಳಿನಿಂದ ನನ್ನ ಮೇಜಿನ ಕೆಳಗೇ ಬಿದ್ದಿವೆ.