ಗಣಿತ ಶಿಕ್ಷಕರು ಹಳ್ಳಿಯಲ್ಲೇಕೆ ನಿಲ್ಲುವುದಿಲ್ಲ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಬೇಕಾದರೆ ಸುಮಾರು ಒಂದು ವರ್ಷ ಅಟ್ಟದ ಮೇಲಿರಬೇಕು. ಗಣಿತದ ಕಲಿಕೆಗೂ ಅಂತಹುದೇ ತಾಳ್ಮೆ ಬೇಕು. ಎಂಟರಿಂದ ಹತ್ತನೆಯ ತರಗತಿಯವರೆಗೆ ಒಬ್ಬರೇ ಶಿಕ್ಷಕರು ಕಲಿಸಿದರೆ ಅದು ಹದಕ್ಕೆ ಬರುತ್ತದೆ. ಆದರೆ ಅವಕಾಶ ದೊರೆತೊಡನೆ ಗಣಿತ ಶಿಕ್ಷಕರು ಪಟ್ಟಣಕ್ಕೆ ಹೊರಡುತ್ತಾರೆ.

ಇದನ್ನು ಸ್ವಾರ್ಥವೆಂದು ಜರೆಯುವುದು ಸುಲಭ. ಆದರೆ ಪತಿ ಅಥವಾ ಪತ್ನಿಯ ನೌಕರಿ, ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲವೂ ಪಟ್ಟಣದಲ್ಲಿವೆ. ಸಿಇಟಿ ತರಬೇತಿ ನೀಡುವ ಖಾಸಗಿ ಕಾಲೇಜುಗಳೂ ಗಣಿತ ಬಲ್ಲವರನ್ನೇ ಕರೆಯುತ್ತವೆ. 2020ರ ಶಿಕ್ಷಕರ ವರ್ಗಾವಣೆ ಕಾಯ್ದೆ ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿದೆ. ಕಾಯ್ದೆ ಶಿಕ್ಷಕರನ್ನು ಹಳ್ಳಿಗೆ ಕಳುಹಿಸಬಲ್ಲದು. ಅಲ್ಲಿ ಮನಸ್ಸಿಟ್ಟು ನೆಲೆಸುವಂತೆ ಮಾಡಲಾರದು.

ನಷ್ಟವಾದರೂ ಯಾರಿಗೆ? ನಮ್ಮ ಪ್ರೌಢಶಾಲೆಗಳಲ್ಲಿ ಪಿಸಿಎಂ ಶಿಕ್ಷಕರೇ ಗಣಿತವನ್ನೂ ಭೌತವಿಜ್ಞಾನವನ್ನೂ ಕಲಿಸುತ್ತಾರೆ. ಆ ಒಂದು ಹುದ್ದೆ ಖಾಲಿಯಾದರೆ ಎರಡು ವಿಷಯಗಳು ಸೊರಗುತ್ತವೆ. ಪಟ್ಟಣದ ಮಗು ಟ್ಯೂಷನ್‌ನಿಂದ ಆ ಕೊರತೆ ತುಂಬಿಕೊಳ್ಳುತ್ತದೆ. ಹಳ್ಳಿಯಲ್ಲಿ ಕಾಯಿ ಸುಲಿಯುವವರ ಮಗುವಿಗೆ ಆ ದಾರಿಯಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಎಡವಿದ ಹುಡುಗ ಕೊಬ್ಬರಿ ಮಂಡಿಯ ಹಮಾಲಿಗೆ ಸೇರುತ್ತಾನೆ. ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ.

ಇಲ್ಲಿ ಸಮುದಾಯವೂ ತನ್ನ ಪಾಲನ್ನು ಒಪ್ಪಿಕೊಳ್ಳಬೇಕು. ಬಿ.ಎಸ್ಸಿ., ಬಿ.ಎಡ್. ಮುಗಿಸಿದ ಮಗಳಿಗೆ ಹಳ್ಳಿಯ ಶಾಲೆಯಲ್ಲಿ ನೌಕರಿ ಸಿಕ್ಕರೆ 'ಅಷ್ಟು ದೂರ ಬೇಡಮ್ಮಾ' ಎನ್ನುವವರು ನಾವೇ. ಒಂಟಿ ಶಿಕ್ಷಕಿ ಬಾಡಿಗೆ ಮನೆ ಕೇಳಿ ಬಂದರೆ ಹಿಂಜರಿಯುವವರೂ ನಾವೇ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ರಚಿಸಿದ ಬೀಜಗಣಿತ ಗ್ರಂಥದ ದೊಡ್ಡ ಭಾಗ ವಾರಸು ಹಂಚಿಕೆಯ ಲೆಕ್ಕಕ್ಕೇ ಮೀಸಲಾಗಿತ್ತು. ಝಕಾತ್, ವಾರಸುಗಳ ಲೆಕ್ಕ ತಪ್ಪಬಾರದೆಂದು ಬಯಸುವ ನಾವು ಗಣಿತ ಕಲಿಸುವವರನ್ನು ಕಡೆಗಣಿಸುವುದು ತರವಲ್ಲ.

ಆದುದರಿಂದ ಊರಿನ ಜಮಾಅತ್‌ಗಳು ಮೂರು ಕೆಲಸಗಳನ್ನು ಕೈಗೊಳ್ಳಲಿ. ಶಾಲೆಯ ಸಮೀಪ ಶಿಕ್ಷಕರಿಗೆ ನ್ಯಾಯವಾದ ಬಾಡಿಗೆಗೆ ಮನೆ ಒದಗಿಸಲಿ. ಅವರು ಯಾವ ಧರ್ಮದವರೆಂದು ನೋಡದಿರಲಿ. ಗಣಿತ ಆರಿಸಿಕೊಂಡು ಬಿ.ಎಡ್. ಓದುವ ಹೆಣ್ಣುಮಕ್ಕಳ ಶುಲ್ಕ ಭರಿಸಲಿ. ಹುದ್ದೆ ಖಾಲಿಯಿದ್ದರೆ ಎಸ್‌ಡಿಎಂಸಿ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಮನವಿ ಸಲ್ಲಿಸಲಿ. ಫಲಿತಾಂಶ ಬಂದ ಮೇಲೆ ಮರುಗುವುದಕ್ಕಿಂತ ಜೂನ್ ತಿಂಗಳಲ್ಲೇ ಕೇಳುವುದು ಲೇಸು.

ಶಿಕ್ಷಕರು ಬರಲಿಲ್ಲವೆಂದು ಸರಕಾರವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಬಂದವರನ್ನು ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ.